ಸಾಹೇಬರ ಕೈಗುಣ

ಇಳಕಲ್ಲಿನ ಆ ಓಣಿಯಲ್ಲಿ ರತ್ನಾಬಾಯಿಯ ಬಾಯಿಗೆ ಬೀಳಬಾರದೆಂದು ಗಂಡಸರೂ ದಾರಿ ಬದಲಿಸುತ್ತಿದ್ದ ಕಾಲವೊಂದಿತ್ತು. ತೂಕದಲ್ಲಿ ಕಡಿಮೆ ನೂಲು ಕೊಟ್ಟ ವ್ಯಾಪಾರಿಯನ್ನು ಅವನ ಅಂಗಡಿಯ ಮುಂದೆಯೇ ನಿಲ್ಲಿಸಿಕೊಂಡು, ಅವನ ಅಜ್ಜನ ಕಾಲದಿಂದ ಶುರುಮಾಡಿ ಆಕೆ ಜಾಡಿಸಿದ್ದನ್ನು ಜನ ಇನ್ನೂ ನೆನೆದು ನಗುತ್ತಾರೆ. ಆಕೆ ಗುಳೇದಗುಡ್ಡದವಳು. ಅಲ್ಲಿ ಕುಪ್ಪಸದ ಖಣ ನೇಯುವವರ ಮನೆಯಲ್ಲಿ ಹುಟ್ಟಿ, ಇಲ್ಲಿ ಸೀರೆ ನೇಯುವವರ ಮನೆಗೆ ಸೊಸೆಯಾಗಿ ಬಂದವಳು. ಮಗ್ಗದ ಸಪ್ಪಳದ ಮೇಲೆ ದನಿ ಏರಿಸಿ ಮಾತಾಡುವುದು ಎರಡೂ ಮನೆಯ ರೂಢಿ. ಗಂಡ ಬಾಬಣ್ಣ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದರೆ, ಈಕೆ ಬಾಗಿಲ ಬೆಳಕಿಗೆ ರಾಟಿ ಇಟ್ಟುಕೊಂಡು ಕಂಡಿಕಿಗೆ ನೂಲು ಸುತ್ತುತ್ತಿದ್ದಳು. ಕೈ ರಾಟಿಯ ಮೇಲಿದ್ದರೆ ಕಣ್ಣು ಓಣಿಯ ಮೇಲಿರುತ್ತಿತ್ತು. ಯಾರ ಮನೆಗೆ ಬೀಗರು ಬಂದರು, ಯಾರ ಮಗ ಯಾವ ಹುಡುಗಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದ, ಎಲ್ಲದಕ್ಕೂ ಆಕೆಯ ಬಳಿ ಒಂದು ಮಾತು ತಯಾರಿರುತ್ತಿತ್ತು.

ಇಂಥ ಹೆಂಗಸು ಒಂದೇ ಒಂದು ಕಡೆ ತುಟಿ ಹೊಲಿದುಕೊಂಡು ಕೂರುತ್ತಿದ್ದಳು. ಅದು ಸಾಹೇಬರ ದವಾಖಾನೆ.

ಸಾಹೇಬರಿಗೆ ಒಂದು ಹೆಸರಿದೆ, ಬೋರ್ಡಿನ ಮೇಲೆ ಪದವಿಗಳ ಬಾಲದ ಸಮೇತ ಬರೆದಿದೆ. ಆದರೆ ಓಣಿಗೆ ಅವರು ಬರೀ ಸಾಹೇಬ್ರು. ಕೆಲವು ವರ್ಷಗಳ ಹಿಂದೆ ಬಾಬಣ್ಣನಿಗೆ ಡೆಂಗ್ಯೂ ಬಂದು ಕಣ್ಣು ಮೇಲಾಗಿದ್ದಾಗ, ಕಂಡವರೆಲ್ಲ ಹುಬ್ಬಳ್ಳಿಗೆ ಒಯ್ಯಿರಿ ಎಂದಿದ್ದರು. ಸಾಹೇಬರು ಮಾತ್ರ "ಇಲ್ಲೇ ಇರಲಿ, ನಾ ಅದೀನಲ್ಲ" ಎಂದು ಹೇಳಿ ಉಳಿಸಿಕೊಟ್ಟರು. ಅದು ಸುಳ್ಳಲ್ಲ, ಅವರು ಉಳಿಸಿದ್ದು ಖರೆ. ಅಂದಿನಿಂದ ಬಾಬಣ್ಣ ಅವರ ಕೈಗುಣವನ್ನು ತಲೆ ಮೇಲೆ ಹೊತ್ತು ತಿರುಗತೊಡಗಿದ. ಓಣಿಯಲ್ಲಿ ಯಾರಿಗೆ ಕೆಮ್ಮು ಬಂದರೂ, ಯಾರು ಮಂಡಿನೋವು ಎಂದರೂ ಮಗ್ಗದಿಂದ ಎದ್ದು ಅವರನ್ನು ಕರೆದುಕೊಂಡು ಹೋಗುವುದೇ ಅವನ ಕೆಲಸವಾಯಿತು. ಯಾರೂ ಅವನಿಗೆ ಇದಕ್ಕಾಗಿ ಏನೂ ಕೊಡುತ್ತಿರಲಿಲ್ಲ. ದವಾಖಾನೆಯ ಬಾಗಿಲಲ್ಲಿ ಕಂಪೌಂಡರ್ ಅರ್ಷದ "ಬರ್ರಿ ಕಾಕಾ" ಅಂದರೆ, ಒಳಗೆ ಸಾಹೇಬರು "ಏನ್ ಬಾಬಣ್ಣಾ, ಇವತ್ತ ಯಾರನ್ನ ತಂದ್ರಿ?" ಅಂದರೆ ಅವನಿಗೆ ಅಷ್ಟೇ ಸಾಕಾಗಿತ್ತು. ನೇಕಾರನನ್ನು ಹೆಸರು ಹಿಡಿದು ಕರೆಯುವ ದೊಡ್ಡ ಮನುಷ್ಯರು ಊರಲ್ಲಿ ಎಷ್ಟು ಜನ ಇದ್ದಾರೆ?

ರತ್ನಾಬಾಯಿಯ ನಾಲಿಗೆಯ ಅಂಚಿಗೆ ಹುಣ್ಣು ಕಾಣಿಸಿಕೊಂಡದ್ದು ಸಂಕ್ರಾಂತಿಗೂ ಮೊದಲು. ಬೆಳ್ಳಗೆ, ಒಂದು ಜೋಳದ ಕಾಳಿನಷ್ಟು. ಖಾರ ತಾಕಿದರೆ ಉರಿಯುತ್ತಿತ್ತು. ಆಕೆ ಜೀರಿಗೆ ಅಗಿದಳು, ತುಪ್ಪ ಹಚ್ಚಿದಳು, ಹೋಗಲಿಲ್ಲ. ಹೋಳಿ ಹತ್ತಿರ ಬಂದಾಗ ಗಂಡನಿಗೆ ಹೇಳಿದಳು. ಬಾಬಣ್ಣನಿಗೆ ಒಳಗೊಳಗೇ ಹಿಗ್ಗು ಎಂದರೆ ತಪ್ಪಾಗದು. ಊರವರನ್ನೆಲ್ಲ ತೋರಿಸಿದ್ದ, ಸ್ವಂತ ಹೆಂಡತಿಯನ್ನು ಸಾಹೇಬರಿಗೆ ತೋರಿಸುವ ಪ್ರಸಂಗ ಬಂದಿರಲಿಲ್ಲ.

ದವಾಖಾನೆಯ ಆ ಕೋಣೆಯನ್ನು ನೋಡಿದವರಿಗೆ ಉಳಿದದ್ದು ಹೇಳಬೇಕಾಗಿಲ್ಲ. ಮೇಜಿನಾಚೆ ಸಾಹೇಬರು, ಈಚೆ ಒಂದು ಸ್ಟೂಲು, ಸ್ಟೂಲಿನ ಹಿಂದೆಯೇ ಮುಂದಿನ ಪಾಳಿಯವರು ಬೆನ್ನಿಗೆ ಉಸಿರು ತಾಕುವಷ್ಟು ಹತ್ತಿರ ನಿಂತಿರುತ್ತಾರೆ. ಒಬ್ಬರ ರೋಗ ಎಲ್ಲರ ಕಿವಿಗೂ ಬೀಳುತ್ತದೆ, ಯಾರಿಗೂ ಅದು ತಪ್ಪೆನಿಸುವುದಿಲ್ಲ. ಅವತ್ತು ಹಿಂದೆ ನಿಂತವರಲ್ಲಿ ಕಾಳಪ್ಪನಿದ್ದ. ಓಣಿಯ ಹಿರಿಯ, ಪವರ್‌ಲೂಮಿನ ಮಾಲೀಕ, ಬಾಬಣ್ಣನೇ ಬಿಪಿ ತೋರಿಸಲು ಕರೆತಂದಿದ್ದ.

"ನಮ್ಮ ಮನಿಯಾಕಿರಿ ಸಾಹೇಬ್ರ. ನಾಲಿಗಿಗೆ ಒಂದ ಹುಣ್ಣ ಎದ್ದೈತ್ರಿ."

"ಎಷ್ಟ ದಿನ ಆತು?"

"ಈಗ ಮೊನ್ನಿ ಮೊನ್ನೀರಿ."

ರತ್ನಾಬಾಯಿ ಗಂಡನ ಮುಖ ನೋಡಿದಳು. ಅವನು ಸಾಹೇಬರನ್ನು ನೋಡುತ್ತಿದ್ದ. ತಡವಾಗಿ ಕರೆತಂದಿರಿ ಎಂದು ಸಾಹೇಬರು ಬೈದಾರೆಂಬ ಅಂಜಿಕೆ ಅವನಿಗೆ.

"ತಂಬಾಕ, ಗುಟ್ಕಾ, ಏನರ ಚಟ ಐತೇನು?"

"ಛೇ ಛೇ, ನಮ್ಮ ಮನ್ಯಾಗ ಅಂಥಾದ್ದೇನ ಇಲ್ರಿ."

ಸೊಂಟಕ್ಕೆ ಸಿಕ್ಕಿಸಿದ್ದ ಸಂಚಿಯಲ್ಲಿನ ಮಿಸ್ರಿಯ ಡಬ್ಬಿ ರತ್ನಾಬಾಯಿಗೆ ಚುಚ್ಚಿದಂತಾಯಿತು. ಸುಟ್ಟ ತಂಬಾಕಿನ ಆ ಕರಿ ಪುಡಿಯನ್ನು ಹಲ್ಲಿಗೆ ತಿಕ್ಕದ ಹೆಂಗಸು ಆ ಓಣಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ತಿಕ್ಕುವುದು ಬಾಬಣ್ಣನಿಗೂ ಗೊತ್ತು, ಕಾಳಪ್ಪನಿಗೂ ಗೊತ್ತು, ಅವನ ಹೆಂಡತಿಯೂ ತಿಕ್ಕುತ್ತಾಳೆ. ಆದರೆ ದೊಡ್ಡವರ ಮುಂದೆ ಅದರ ಹೆಸರೆತ್ತಬಾರದು. ಹೀಗೆ ಇಡೀ ಕೋಣೆಗೆ ಗೊತ್ತಿದ್ದ ಸಂಗತಿಯೊಂದು ಗೊತ್ತಾಗಬೇಕಾದ ಒಬ್ಬರಿಗೆ ಮಾತ್ರ ಗೊತ್ತಾಗಲಿಲ್ಲ. ಇದಕ್ಕೆ ನಮ್ಮಲ್ಲಿ ಮರ್ಯಾದೆ ಅನ್ನುತ್ತಾರೆ.

ಸಾಹೇಬರು ಬ್ಯಾಟರಿ ಬಿಟ್ಟು ನೋಡಿದರು. ಹಚ್ಚಿಕೊಳ್ಳಲು ಮುಲಾಮು, ನುಂಗಲು ಗುಳಿಗೆ ಬರೆದರು. ಬರೆಯುತ್ತಲೇ ಒಂದು ಮಾತು ಹೇಳಿದರು. "ಹದಿನೈದ ದಿನದಾಗ ಕಡಿಮಿ ಆಗಲಿಲ್ಲಂದ್ರ ಬಾಗಲಕೋಟಿಗೆ ಹೋಗ್ರಿ. ಅಲ್ಲೆ ಒಂದ ತುಣುಕ ತಗದು ತಪಾಸ ಮಾಡ್ತಾರ."

ಹೇಳಬೇಕಾದ ಮಾತನ್ನೇ ಹೇಳಿದರು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಾಲಿಗೆ ಬಾಬಣ್ಣನದೇ ಎನ್ನುವ ಹಾಗೆ ಅವನ ಮುಖ ನೋಡಿ ಹೇಳಿದರು. ಅಷ್ಟರಲ್ಲಿ ಅರ್ಷದ ಮುಂದಿನವರನ್ನು ಸ್ಟೂಲಿನ ಹತ್ತಿರ ತಳ್ಳಿಯಾಗಿತ್ತು.

ಹದಿನೈದು ದಿನಕ್ಕೆ ಹುಣ್ಣು ಕಡಿಮೆಯಾಗಲಿಲ್ಲ. ಅಂಚು ಗಟ್ಟಿಯಾಗಿ, ಬೆರಳಿಟ್ಟರೆ ಗಂಟಿನ ಹಾಗೆ ಸಿಗತೊಡಗಿತು. ಮತ್ತೆ ಹೋದರು. ಈ ಸಲ ಹಿಂದೆ ಇನ್ನೂ ಹೆಚ್ಚು ಜನ, ಅದರಲ್ಲಿ ಇಬ್ಬರು ಬಾಬಣ್ಣನ ಮಾತು ಕೇಳಿ ಹುನಗುಂದದಿಂದ ಬಂದವರು.

"ಏನವಾ, ಕಡಿಮಿ ಆತೇನು?"

ಕೇಳಿದ್ದು ಅವಳನ್ನೇ. ರತ್ನಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಬಾಬಣ್ಣ ಹೇಳಿಬಿಟ್ಟ.

"ರೂಪಾಯಿದಾಗ ಬಾರಾಣೆ ಕಡಿಮಿ ಆಗೇತ್ರಿ ಸಾಹೇಬ್ರ. ನಿಮ್ಮ ಕೈಗುಣ."

ಹುನಗುಂದದವರು ತಲೆದೂಗಿದರು. ಸಾಹೇಬರು ನಕ್ಕರು, ಅದೇ ಗುಳಿಗೆ ಮುಂದುವರಿಸಲು ಹೇಳಿದರು. ಈ ಸಲ ಬಾಯಿ ತೆರೆಸಿ ನೋಡಲೂ ಇಲ್ಲ. ರತ್ನಾಬಾಯಿ ತೆರೆದ ಬಾಯನ್ನು ಮುಚ್ಚಿಕೊಂಡು ಎದ್ದಳು. ನಾಲ್ಕು ಜನರೆದುರು ಗಂಡನನ್ನು ಸುಳ್ಳನನ್ನಾಗಿ ಮಾಡುವುದು ಹೇಗೆ? ನೂಲಿನ ವ್ಯಾಪಾರಿಯ ವಿಷಯ ಬೇರೆ, ಇದು ಬೇರೆ.

ಮನೆಯ ಹೊಸ್ತಿಲು ದಾಟಿದ್ದೇ ಸಿಟ್ಟು ಕಟ್ಟೆಯೊಡೆಯಿತು.

"ಎಲ್ಲಿ ಕಡಿಮಿ ಆಗೇತ್ರಿ? ಯಾರ್ ನೋಡ್ಯಾರ? ಖರೇ ಹೇಳಾಕ ನಿಮಗೇನಾಗೇತಿ?"

"ಅಷ್ಟ ಮಂದಿ ಮುಂದ ನಿಮ್ಮ ಔಷಧ ಹತ್ತಲಿಲ್ಲರಿ ಅನ್ನಾಕ ಆಗತೈತೇನ? ಅವರ ಕೈಗೆ ಹೆಸರಿಟ್ಟಂಗ ಆಗೂದಿಲ್ಲೇನು? ನಂಬಿಗಿ ಇಟ್ಟ ತಗೊ, ಹತ್ತತೈತಿ. ನನಗ ಹತ್ತಲಿಲ್ಲೇನು?"

ಬಾಬಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವಳು ಅವನನ್ನು ಎಂದೋ ದಾರಿಗೆ ತಂದಿರುತ್ತಿದ್ದಳು. ಗುಣವಾಗಿದೆ ಎಂದು ಸಾಹೇಬರ ಮುಂದೆ ಹೇಳುವುದೇ ಅರ್ಧ ಗುಣ ಎಂದು ಮನಸಾರೆ ನಂಬಿದ್ದ ಅವನು. ಗುಣವಾಗಿಲ್ಲ ಎನ್ನುವುದು ಉಂಡ ಮನೆಯ ಅಡಿಗೆಗೆ ಉಪ್ಪಿಲ್ಲ ಅಂದ ಹಾಗೆ. ಅವನ ಬಾಯಿಂದ ಅದು ಹೊರಡುವಂತಿರಲಿಲ್ಲ.

ಒಂದು ದಿನ ಬಾಬಣ್ಣ ಸೀರೆಗಳನ್ನು ತೆಗೆದುಕೊಂಡು ಹುನಗುಂದಕ್ಕೆ ಹೋದಾಗ ಆಕೆ ರಾಟಿ ನಿಲ್ಲಿಸಿ, ಸೆರಗು ಹೊದ್ದು ಒಬ್ಬಳೇ ದವಾಖಾನೆಗೆ ನಡೆದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಸಂಕ್ರಾಂತಿಯಿಂದ ಐತ್ರಿ ಸಾಹೇಬ್ರ. ಮಿಸ್ರಿ ತಿಕ್ಕತೇನ್ರಿ. ಕಡಿಮಿ ಆಗಿಲ್ರಿ. ಇಷ್ಟೇ. ಇಷ್ಟು ಹೇಳಲು ಹೆಣ್ಣಿಗೆ ಪದವಿ ಬೇಕಾಗಿಲ್ಲ.

"ಕಾಕೂ, ಒಬ್ಬರ ಬಂದೀರೇನ್ರಿ? ಕಾಕಾ ಎಲ್ಲಿ?" ಎಂದ ಅರ್ಷದ.

"ಬಾಬಣ್ಣ ಎಲ್ಲಿ?" ಎಂದರು ಸಾಹೇಬರು.

ಈ ಪ್ರಶ್ನೆಗೆ ಉತ್ತರ ಕೊಡುವುದರಲ್ಲೇ ಜೋಡಿಸಿದ ಮಾತಿನ ಅರ್ಧ ಉದುರಿಹೋಯಿತು. ಬೆನ್ನ ಹಿಂದೆ ಗಂಡಸರ ಸಾಲು. ಮಿಸ್ರಿಯ ಹೆಸರೆತ್ತಲಿಲ್ಲ. "ನೋಯತೈತ್ರಿ" ಎಂದಷ್ಟೇ ಹೇಳಿ ಬಾಯಿ ತೆರೆದಳು. ಸಾಹೇಬರು ಬ್ಯಾಟರಿ ಹಿಡಿದು ನೋಡಿದರು. ಈ ಸಲ ಸ್ವಲ್ಪ ಹೊತ್ತು ನೋಡಿದರು. ಬ್ಯಾಟರಿ ಆರಿಸಿದ ಮೇಲೆ ಅವರ ಮುಖ ಬದಲಾಗಿದ್ದನ್ನು ಆಕೆ ಕಂಡಳು.

"ಬಾಬಣ್ಣನ್ನ ಕಳಸ್ರಿ. ಅವರ ಮುಂದ ಹೇಳ್ತೇನಿ."

ನನ್ನ ಮುಂದೆಯೇ ಹೇಳ್ರಿ, ನಾಲಿಗೆ ನಂದು. ಈ ಮಾತು ಅವಳಿಗೆ ಹೊಳೆಯಲಿಲ್ಲವೆಂದಲ್ಲ, ಹೊಳೆಯಿತು. ಆದರೆ ಬಾಯಿಂದ ಬಂದದ್ದು "ಹೂಂ ರಿ" ಎನ್ನುವುದೊಂದೇ. ಹೆದರಿಸಬಾರದೆಂದು ಸಾಹೇಬರು ಸುಮ್ಮನಾದರು, ಮರ್ಯಾದೆ ಮೀರಬಾರದೆಂದು ಆಕೆ ಸುಮ್ಮನಾದಳು. ಇಬ್ಬರೂ ಒಳ್ಳೆಯವರೇ. ಇಬ್ಬರ ಒಳ್ಳೆಯತನವನ್ನೂ ತಿಂದು ಹುಣ್ಣು ಬೆಳೆಯಿತು.

ಸಂಜೆ ಗಂಡನಿಗೆ ಹೇಳಿದಳು. ಒಬ್ಬಳೇ ಹೋದದ್ದಕ್ಕೆ ಬಾಬಣ್ಣ ಮುಖ ಊದಿಸಿಕೊಂಡ. ನಾನೇನು ಸತ್ತಿದ್ದೆನೇ ಎಂದ. ಆದರೂ ಹೋಗುತ್ತೇನೆ ಎಂದು ಒಪ್ಪಿಕೊಂಡ. ಹೋದದ್ದು ವಾರ ಕಳೆದ ಮೇಲೆ, ಅದೂ ಪಕ್ಕದ ಮನೆಯ ಮಾದೇವಿಯ ಮಂಡಿನೋವು ತೋರಿಸಲು. ಬಂದವನೇ ಮಗ್ಗಕ್ಕೆ ಇಳಿದ. ರತ್ನಾಬಾಯಿಗೆ ಸುದ್ದಿ ಮುಟ್ಟಿಸಿದ್ದು ಮಾದೇವಿ, ಅದೂ ಸಂತೋಷದಿಂದ.

"ವೈನಿ, ನಿಮಗ ಆರಾಮ ಆತಂತಲ್ಲ. ಮನ್ಯಾಗ ಹೆಂಗೈತಿ ಅಂತ ಸಾಹೇಬ್ರು ಕೇಳಿದ್ರು. ಭಾಳ ಕಡಿಮಿ ಆಗೇತ್ರಿ ಅಂದ್ರು ಅಣ್ಣಾರು. ಹಂಗಾರ ಛಲೋ ಆತು, ನಾ ಸುಮ್ಮ ಕಾಳಜಿ ಮಾಡಿದ್ದೆ ಅಂದ್ರು ಸಾಹೇಬ್ರು."

ರಾಟಿ ತಾನಾಗಿಯೇ ನಿಂತಿತು. ಮಾದೇವಿ ಹೋದ ಮೇಲೆ ಮಗ್ಗದ ಕುಣಿಯ ಬಳಿ ನಿಂತು ಆಕೆ ಕೇಳಿದಳು. "ನನ್ನ ಬ್ಯಾನಿ ನಿಮ್ಮ ಸಾಹೇಬ್ರಿಗೆ ಹಾರ ಹಾಕಾಕ ಆತೇನ್ರಿ?"

ಬಾಬಣ್ಣ ತಲೆ ಎತ್ತಲಿಲ್ಲ. "ಕಡಿಮಿ ಆಗತೈತಿ ತಡಿ" ಎಂದ.

ಆಮೇಲೆ ಆಕೆಯೂ ಸುಮ್ಮನಾದದ್ದು ಯಾಕೆ ಎಂದು ಓಣಿಯ ಹೆಂಗಸರು ಈಗಲೂ ಮಾತಾಡಿಕೊಳ್ಳುತ್ತಾರೆ. ಬ್ಯಾಟರಿ ಆರಿಸಿದ ಸಾಹೇಬರ ಮುಖವನ್ನು ಅವರು ನೋಡಿಲ್ಲ, ಅದಕ್ಕೇ ಈ ಮಾತು. ಆ ಮುಖ ನೆನಪಾದಾಗಲೆಲ್ಲ ಗಂಡನ ಸುಳ್ಳೇ ಆಕೆಗೆ ಹಿತವೆನಿಸುತ್ತಿತ್ತು. ಕಡಿಮೆಯಾಗುತ್ತದೆ ಎಂದು ದಿನಾ ಹೇಳುವವನೊಬ್ಬ ಮನೆಯಲ್ಲಿದ್ದರೆ ಒಮ್ಮೊಮ್ಮೆ ನಂಬಬೇಕೆನಿಸುತ್ತದೆ. ಮೊದಲು ಖಾರ ಬಿಟ್ಟಳು. ಆಮೇಲೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿದಳು. ಕಿವಿಯಲ್ಲಿ ಸೆಳಕು ಶುರುವಾಯಿತು. ಬಾಗಿಲಲ್ಲಿ ಕೂತು ಓಣಿಯವರನ್ನು ತಡೆದು ಮಾತಾಡಿಸುವುದು ನಿಂತಿತು. ವ್ಯಾಪಾರಿ ನೂಲು ತೂಗಿ ಕೊಟ್ಟಷ್ಟನ್ನು ಸುಮ್ಮನೆ ಇಸಿದುಕೊಂಡಳು.

ಪಂಚಮಿಗೆ ಮಗಳು ಸುನಿತಾ ಬಾದಾಮಿಯಿಂದ ತವರಿಗೆ ಬಂದಳು. ಶೇಂಗಾದ ಉಂಡಿ ಕಟ್ಟಿ ಅವ್ವನ ಬಾಯಿಗಿಟ್ಟಳು. ರತ್ನಾಬಾಯಿ ಅಗಿಯಲಾರದೆ ಅಂಗೈಗೆ ಉಗುಳಿದಳು. ಉಂಡಿಯ ಚೂರು ಕೆಂಪಾಗಿತ್ತು.

"ಅವ್ವಾ, ಬಾಯಿ ತೆಗಿ." ನೋಡಿ ಸುನಿತಾ ಅಲ್ಲೇ ಕೂತಳು. ಅಪ್ಪ ಸಾಹೇಬರ ಹೆಸರೆತ್ತಿದಾಗ ಅವಳು ಎದ್ದು ಅವ್ವನ ಬಟ್ಟೆ ಚೀಲಕ್ಕೆ ತುಂಬತೊಡಗಿದಳು. ಮರುದಿನ ಬೆಳಿಗ್ಗೆಯೇ ಮೂವರೂ ಬಾಗಲಕೋಟೆಯ ಬಸ್ಸಿನಲ್ಲಿದ್ದರು.

ಅಲ್ಲಿಯ ಆಸ್ಪತ್ರೆಯಲ್ಲಿದ್ದದ್ದು ಒಬ್ಬ ಹೆಣ್ಣು ಡಾಕ್ಟರು, ಸುನಿತಾಳ ವಯಸ್ಸಿನವರು. ಎಷ್ಟು ದಿನವಾಯಿತು ಎಂದು ಅವರು ಕೇಳಿದ್ದೇ ತಡ ಬಾಬಣ್ಣ "ಈಗ ಮೊನ್ನಿ ಮೊನ್ನೀರಿ" ಎಂದು ಶುರುಮಾಡಿದ.

"ನಾ ಅವರನ್ನ ಕೇಳಾಕತ್ತೇನಿ. ನೀವು ಸ್ವಲ್ಪ ಹೊರಗ ನಿಂದರ್ರಿ."

ಬಾಬಣ್ಣ ಹೊರಗೆ, ಸುನಿತಾ ಕೂತಲ್ಲಿಗೆ ಹೋದ. ಬಾಗಿಲು ಮುಚ್ಚಿತು. ಹಿಂದೆ ಯಾರೂ ನಿಂತಿರಲಿಲ್ಲ. ರತ್ನಾಬಾಯಿ ಒಮ್ಮೆ ತಿರುಗಿ ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ಹೇಳಿದಳು. ಸಂಕ್ರಾಂತಿಯಿಂದ ಹಿಡಿದು ಹೇಳಿದಳು. ಮಿಸ್ರಿಯ ಡಬ್ಬಿಯನ್ನು ಸಂಚಿಯಿಂದ ತೆಗೆದು ಮೇಜಿನ ಮೇಲೆ ಇಟ್ಟಳು. ನಾಲಿಗೆ ದಪ್ಪವಾಗಿ ಮಾತು ಎಡವುತ್ತಿತ್ತು, ಬಾಯಿಯಂಚಿನಿಂದ ಜೊಲ್ಲು ಇಳಿಯುತ್ತಿತ್ತು, ಸೆರಗಿನಿಂದ ಒರೆಸಿಕೊಳ್ಳುತ್ತ ಹೇಳಿದಳು. ಡಾಕ್ಟರ ಮುಂದೆ ಆಕೆ ಪೂರ್ತಿ ಮಾತಾಡಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಡಾಕ್ಟರು ಕೊನೆತನಕ ಕೇಳಿದರು. ಕೇಳಿದ ಮೇಲೆ ಬೈದರು. "ಹುಣ್ಣ ಸಣ್ಣದಿದ್ದಾಗ ಬಂದಿದ್ರ ಚೂರ ತಗದು ಬಿಡತಿದ್ವಿ. ಈಗ ಅರ್ಧಾ ನಾಲಿಗಿ ಹೋಗತೈತಿ. ಇಷ್ಟ ದಿನಾ ಯಾಕ ಯಾರ ಮುಂದೂ ಹೇಳಲಿಲ್ಲ?"

ಬೈಗುಳ ಯಾರ ಪಾಲಿಗೆ ಬರಬೇಕಾಗಿತ್ತೋ ಅವರಲ್ಲಿ ಒಬ್ಬರು ಬಾಗಿಲ ಹೊರಗಿದ್ದರು. ಇನ್ನೊಬ್ಬರು ಇಳಕಲ್ಲಿನಲ್ಲಿದ್ದರು.

ಆಪರೇಷನ್ ಆಯಿತು. ಕರೆಂಟು, ಅಂದರೆ ರೇಡಿಯೇಶನ್, ಕೊಡುವುದೂ ಆಯಿತು. ಗಡ್ಡೆ ಪೂರ್ತಿ ಹೋಗಿದೆ, ಆದರೆ ಆಗಾಗ ಬಂದು ತೋರಿಸುತ್ತಿರಬೇಕು ಎಂದರು. ಉಳಿದ ನಾಲಿಗೆ ಬಾಯಿಯೊಳಗೆ ಒಂದು ಕಡೆ ಅಂಟಿಕೊಂಡಿತ್ತು. ಆಕೆ ಮಾತಾಡಿದರೆ ಬರೀ ಸ್ವರ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಬಾಬಣ್ಣ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಮಕ್ಕಳ ಹಾಗೆ ಅತ್ತದ್ದನ್ನು ಸುನಿತಾ ನೋಡಿದ್ದಾಳೆ. ಮೂಗಿನ ನಳಿಗೆಯಿಂದ ಗಂಜಿ ಹಾಕುವುದನ್ನು ನರ್ಸಿನಿಂದ ಕಲಿತು ಅವನೇ ಮಾಡಿದ. ಅದರಲ್ಲಿ ಕೊರತೆ ಮಾಡಲಿಲ್ಲ.

ಮರಳಿ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಬಾಬಣ್ಣ ಇಳಿದು ಹೋಗಿ ಕರದಂಟಿನ ಒಂದು ಡಬ್ಬಿ ತಂದು ಹೆಂಡತಿಯ ತೊಡೆಯ ಮೇಲೆ ಇಟ್ಟ. ಆಕೆ ಅವನ ಮುಖ ನೋಡಿದಳು.

"ಸಾಹೇಬ್ರಿಗೆ" ಎಂದ ಬಾಬಣ್ಣ. "ಬರಿಗೈಲೆ ಹೆಂಗ ಹೋಗೂದು?"

ತಾನು ಇನ್ನೆಂದೂ ಅಗಿಯಲಾಗದ ಆ ಸಿಹಿಯ ಡಬ್ಬಿಯನ್ನು ಹುನಗುಂದ ದಾಟಿ ಇಳಕಲ್ಲಿನ ತನಕ ರತ್ನಾಬಾಯಿಯೇ ತೊಡೆಯ ಮೇಲೆ ಹೊತ್ತು ತಂದಳು.

ಸಾಹೇಬರು ಕಾಗದಪತ್ರ ನೋಡಿದರು. ಅವರಿಗೂ ಕೆಡುಕೆನಿಸಿತು, ಮುಖದಲ್ಲಿ ಕಾಣುತ್ತಿತ್ತು. ಹಿಂದೆ ಎಂದಿನಂತೆ ಜನ ನಿಂತಿದ್ದರು.

"ನಾ ಮೊದಲ ಹೇಳಿದ್ನಲ್ಲ ಬಾಬಣ್ಣಾ, ಬಾಗಲಕೋಟಿಗೆ ಹೋಗ್ರಂತ."

"ಹೌದ್ರಿ ಸಾಹೇಬ್ರ. ನೀವು ಮೊದಲ ದಿನಾನ ಹೇಳಿದ್ರಿ. ಈಕೀನ ಅಂಜಿದ್ಲರಿ."

ರತ್ನಾಬಾಯಿ ಸ್ಟೂಲಿನಿಂದ ಅರ್ಧ ಎದ್ದು, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಅಲ್ಲ, ಅಲ್ಲ ಎಂದಳು. ಹೊರಗೆ ಬಂದದ್ದು ಒಂದು ಮುದ್ದೆ ಸದ್ದು.

"ಏನಂತಾರ?" ಕೇಳಿದರು ಸಾಹೇಬರು.

"ಹೌದು ಅಂತಾಳ್ರಿ" ಎಂದ ಬಾಬಣ್ಣ.

"ಅಂಜಬಾರದಾಗಿತ್ತವಾ" ಎಂದರು ಸಾಹೇಬರು, ತುಂಬ ಮೆತ್ತಗೆ.

ಅಂದಿನಿಂದ ಓಣಿಯಲ್ಲಿ ಇದೇ ಕಥೆ ಓಡಾಡಿತು. ಸಾಹೇಬರು ಮೊದಲೇ ಹಿಡಿದಿದ್ದರು, ಎಂಥಾ ಕಣ್ಣು ಅವರದು, ಈಕೆ ಅಂಜಿ ಕೆಡಿಸಿಕೊಂಡಳು. ಬಾಬಣ್ಣ ಇದನ್ನು ಚಹಾದಂಗಡಿಯಲ್ಲಿ ಹೇಳಿದ, ಕಾಳಪ್ಪನ ಕಟ್ಟೆಯ ಮೇಲೆ ಹೇಳಿದ, ಹೇಳಿ ಹೇಳಿ ತಾನೂ ನಂಬಿದ. ರಾಟಿಯ ಮುಂದೆ ಕೂತು ರತ್ನಾಬಾಯಿ ತನ್ನದೇ ಕಥೆಯನ್ನು ಗಂಡನ ಬಾಯಲ್ಲಿ ಕೇಳಿದಳು. ನೋಡಲು ಬಂದವರು ಹೇಗಿದ್ದೀರಿ ಎಂದು ಆಕೆಯನ್ನು ಕೇಳುತ್ತಾರೆ. ಆಕೆ ಏನೋ ಅನ್ನುತ್ತಾಳೆ. ಬಂದವರು ಬಾಬಣ್ಣನ ಮುಖ ನೋಡುತ್ತಾರೆ. "ಆರಾಮ ಅದೀನಿ ಅಂತಾಳ" ಎನ್ನುತ್ತಾನೆ ಬಾಬಣ್ಣ. ಬೈದರೂ ಆರಾಮ, ಅತ್ತರೂ ಆರಾಮ. ಬರೆದು ತೋರಿಸೋಣವೆಂದರೆ ಆಕೆ ಸಾಲೆಯ ಮುಖ ಕಂಡವಳಲ್ಲ.

ಈ ವರ್ಷ ಯುಗಾದಿಯ ಮುಂದೆ ಒಂದು ಬೆಳಿಗ್ಗೆ ಮಾದೇವಿ ಬಂದು ಹೊಸ್ತಿಲ ಮೇಲೆ ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಅಣ್ಣಾರ, ಗಲ್ಲದ ಒಳಗ ಬೆಳ್ಳಗ ಏನೋ ಆಗೇತ್ರಿ. ಖಾರ ಹತ್ತಿದ್ರ ಉರೀತೈತಿ. ಸಾಹೇಬ್ರ ಕಡೆ ಕರ್ಕೊಂಡ ಹೋಗ್ರಿ."

"ಎಷ್ಟ ದಿನ ಆತು?"

"ಈಗ ಮೊನ್ನಿ ಮೊನ್ನಿ."

"ಹಂಗಾರ ಏನೂ ಚಿಂತಿ ಇಲ್ಲ" ಎಂದ ಬಾಬಣ್ಣ, ಮಗ್ಗದಿಂದ ಏಳುತ್ತ. "ಸಾಹೇಬ್ರು ಒಂದ ಮುಲಾಮ ಕೊಡತಾರ, ಹತ್ತತೈತಿ. ಮಿಸ್ರಿ ಗಿಸ್ರಿ ಮಾತ ಅಲ್ಲೆ ತಗೀಬ್ಯಾಡ ಮತ್ತ."

ರಾಟಿ ನಿಂತಿತು. ರತ್ನಾಬಾಯಿ ಎದ್ದು ಬಂದು ಮಾದೇವಿಯ ರಟ್ಟೆ ಹಿಡಿದು ಬಿಸಿಲಿಗೆ ಎಳೆದು ನಿಲ್ಲಿಸಿದಳು. ಅವಳ ಸೊಂಟದ ಸಂಚಿಗೆ ಕೈ ಹಾಕಿ, ಡಬ್ಬಿ ತೆಗೆದು, ಗಟಾರಕ್ಕೆ ಎಸೆದಳು. ಆಮೇಲೆ ಮುಖವನ್ನು ಸೂರ್ಯನ ಕಡೆಗೆ ಎತ್ತಿ ತನ್ನ ಬಾಯಿ ತೆರೆದಳು. ಆಪರೇಷನ್ ಆದಂದಿನಿಂದ ಸುನಿತಾಳಿಗೂ ತೋರಿಸದ ಬಾಯಿಯದು. ಎಷ್ಟು ಅಗಲ ಸಾಧ್ಯವೋ ಅಷ್ಟು ತೆರೆದು, ಮಾದೇವಿ ಕಣ್ಣು ತಪ್ಪಿಸಿದಾಗ ಅವಳ ಗದ್ದ ಹಿಡಿದು ಮತ್ತೆ ಇತ್ತ ತಿರುಗಿಸಿ ನೋಡುವ ಹಾಗೆ ಮಾಡಿದಳು.

ಮಾದೇವಿ ನೋಡಿದಳು.

"ಏನಿಲ್ಲವಾ" ಎಂದ ಬಾಬಣ್ಣ ಹಿಂದಿನಿಂದ. "ಈಗ ಆರಾಮ ಐತಿ ಅಂತ ತೋರಸಾಕತ್ತಾಳ."

ಮಾದೇವಿ ಅವನ ಕಡೆ ತಿರುಗಲಿಲ್ಲ. ಮೆಲ್ಲಗೆ, ರತ್ನಾಬಾಯಿಗಷ್ಟೇ ಕೇಳುವ ಹಾಗೆ, "ಮೊನ್ನಿ ಅಲ್ಲ ವೈನಿ, ದೀಪಾವಳಿಯಿಂದ ಐತಿ" ಎಂದಳು. ಆಮೇಲೆ ಕೇಳಿದಳು. "ಬಾಗಲಕೋಟಿ ಬಸ್ಸ ಈಗ ಸಿಗತೈತೇನ್ರಿ?"

ರತ್ನಾಬಾಯಿ ಬಾಯಿ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದಳು. ಒಳಗೆ ಹೋಗಿ ಹೊರಗಿನ ಸೀರೆ ಉಟ್ಟು, ಆಸ್ಪತ್ರೆಯ ಚೀಲ ತೆಗೆದುಕೊಂಡು ಬಂದಳು. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿದಾಗ ಬಾಬಣ್ಣ ಹೊಸ್ತಿಲಲ್ಲೇ ನಿಂತಿದ್ದ.

"ಸಾಹೇಬ್ರು ಕೇಳಿದ್ರ ನಾ ಏನಂತ ಹೇಳ್ಲಿ?" ಎಂದು ಅವನು ಹಿಂದಿನಿಂದ ಕೂಗಿದ. ಅವನ ದನಿಯಲ್ಲಿ ನಿಜವಾದ ಕಳವಳವಿತ್ತು. ಇಬ್ಬರೂ ತಿರುಗಿ ನೋಡದೆ ಬಸ್ ನಿಲ್ದಾಣದ ದಾರಿ ಹಿಡಿದರು.